ಐಸಿನಲ್ಲಿಟ್ಟ ರಕ್ತ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ತಮ್ಮನನ್ನು ಬಯ್ಯದೆ ನನಗೆ ಇದನ್ನು ಹೇಳಲು ಬರುವುದಿಲ್ಲ. ಐಸಿಯು ನರ್ಸಿಗೆ ತಾಳ್ಮೆ ಬೇಕು ಅನ್ನುತ್ತಾರೆ. ರೋಗಿಗಳ ಹತ್ತಿರ ನನಗೆ ಬೇಕಾದಷ್ಟು ತಾಳ್ಮೆ ಇದೆ. ಅವರ ಜೊತೆ ಬರುವವರ ಹತ್ತಿರ ಕಡಿಮೆ. ನನ್ನ ಸ್ವಂತ ಮನೆಯವರ ಹತ್ತಿರ ಚೂರೂ ಇಲ್ಲ.

ನಮ್ಮ ಮನೆ ಸಿರುಗುಪ್ಪದಲ್ಲಿ. ಅಪ್ಪ ಇಮಾಮಹುಸೇನ್ ಐಸ್ ಕ್ಯಾಂಡಿ ಮಾಡುತ್ತಿದ್ದರು. ಮನೆಗೆ ಅಂಟಿದಂತೆ ಒಂದು ತಗಡಿನ ಶೆಡ್ಡು, ಒಳಗೆ ಉಪ್ಪುನೀರಿನ ತೊಟ್ಟಿ, ತೊಟ್ಟಿಯೊಳಗೆ ಅಚ್ಚುಗಳು, ಮೂಲೆಯಲ್ಲಿ ದಿನವಿಡೀ ಗುರ್ ಅನ್ನುವ ಮಷೀನು. ಬೇಸಿಗೆ ಬಂತೆಂದರೆ ಕರೂರು, ದೇಶನೂರು ಕಡೆ ಹೋಗುವ ಸೈಕಲ್ಲಿನವರು ಬೆಳಿಗ್ಗೆಯೇ ಬಂದು ಡಬ್ಬಿ ತುಂಬಿಸಿಕೊಳ್ಳುತ್ತಿದ್ದರು. ಭತ್ತ ಕೊಯ್ಯುವವರಿಗೆ ಮಧ್ಯಾಹ್ನದ ಹೊತ್ತಿಗೆ ನಮ್ಮ ಕ್ಯಾಂಡಿ ಗದ್ದೆಯ ಬದುವಿಗೇ ಹೋಗಿ ಮುಟ್ಟುತ್ತಿತ್ತು. ಅಮ್ಮ ಗುಲ್ಜಾರಬೀ ಡಬ್ಬಿ ತುಂಬುವವಳು. ಅವಳ ಲೆಕ್ಕದಲ್ಲಿ ನಮ್ಮ ಬಿಸಿಲಿಗೆ ಕೆಡದ ವಸ್ತುವೇ ಇಲ್ಲ, ಐಸಿನಲ್ಲಿಟ್ಟರೆ ಕೆಡುವ ವಸ್ತುವೂ ಇಲ್ಲ. ಹಾಲು, ಮೀನು, ಓಣಿಯವರ ಮದುವೆಯ ಮಲ್ಲಿಗೆ ಹೂವು, ಎಲ್ಲ ನಮ್ಮ ಡಬ್ಬಿಗೇ ಬರುತ್ತಿತ್ತು.

ನನ್ನ ತಮ್ಮ ಮುಜಾಫರ್ ಬಳ್ಳಾರಿಯಲ್ಲಿ ಗಾದಿಲಿಂಗಪ್ಪ ಎನ್ನುವವರ ಲಾರಿ ಆಫೀಸಿನಲ್ಲಿದ್ದ; ಆಸ್ಪತ್ರೆಯ ಕೆಲಸಕ್ಕೆಂದು ನಾನೂ ಅಲ್ಲೇ ಇದ್ದೆ. ಅದಿರಿನ ಕಾಲ ಅದು. ಮೊನ್ನೆ ಪಂಕ್ಚರ್ ಹಾಕುತ್ತಿದ್ದವರು ಇವತ್ತು ಬಿಳಿ ಅಂಗಿ ತೊಟ್ಟು ಎರಡೆರಡು ಫೋನು ಹಿಡಿದು ಓಡಾಡುತ್ತಿದ್ದರು. ನನ್ನ ತಮ್ಮನೂ ಬಿಳಿ ಅಂಗಿ ಹೊಲಿಸಿಕೊಂಡ. ಪಾರ್ವತಿನಗರದಲ್ಲಿ ನಾನು ಬಾಡಿಗೆಗಿದ್ದ ರೂಮಿಗೆ ಒಮ್ಮೆ ಅವನ ಜೊತೆ ಬಂದಿದ್ದ ಗಾದಿಲಿಂಗಪ್ಪ, ‘ನಿಮ್ಮ ತಂದಿಯವ್ರದು ಸಿರುಗುಪ್ಪದಾಗ ಕೋಲ್ಡ್ ಸ್ಟೋರೇಜ್ ಐತಂತಲ್ರಿ ಸಿಸ್ಟರ್’ ಅಂದಾಗ ನನಗೆ ಮೈಯೆಲ್ಲ ಉರಿಯಿತು. ಅವರು ಹೋದ ಮೇಲೆ ತಮ್ಮನನ್ನು ಹಿಡಿದುಕೊಂಡೆ.

‘ಲೇ, ಕ್ಯಾಂಡಿ ಅಂದ್ರ ನಿನ್ನ ನಾಲಿಗಿ ಸುಡ್ತೈತೇನು?’

‘ಥಂಡ ಇಡೋದ ಅಲ್ಲೇನಕ್ಕ ಎರಡೂ? ನೀ ಯಾಕ ಇಷ್ಟು ಸಿಟ್ಟಾಗ್ತಿ’ ಅಂತ ನಕ್ಕ. ಬಾಚಿದ ತಲೆ ಮತ್ತೆ ಬಾಚಿಕೊಂಡು ಹೋದ.

ಆ ವರ್ಷ ಮೇ ತಿಂಗಳಲ್ಲಿ ಅಪ್ಪ ಹಾಸಿಗೆ ಹಿಡಿದರು. ಅವರಿಗೆ ಮೊದಲೇ ಒಂದು ಸಲ ಹಾರ್ಟ್ ಅಟ್ಯಾಕ್ ಆಗಿತ್ತು. ಕಾಲಿಗೆ ನೀರು ತುಂಬದಿರಲಿ ಅಂತ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅದರ ಮೇಲೆ ವಾಂತಿ ಭೇದಿ ಸುರುವಾಗಿ, ಕಾಲಲ್ಲಿ ಎದ್ದು ನಿಲ್ಲುವ ಶಕ್ತಿ ಉಳಿಯಲಿಲ್ಲ. ಊರಿನ ಡಾಕ್ಟರು ಗ್ಲೂಕೋಸ್ ಹಚ್ಚಿ, ರಕ್ತ ತೆಗೆದು ಒಂದು ಸಣ್ಣ ಟ್ಯೂಬಿಗೆ ತುಂಬಿ, ರಕ್ತದ ಉಪ್ಪು ನೋಡಿಸಬೇಕು, ಆ ಪರೀಕ್ಷೆ ಇಲ್ಲಿ ಆಗುವುದಿಲ್ಲ, ಬಳ್ಳಾರಿಗೆ ಒಯ್ಯಿರಿ ಅಂದರಂತೆ. ಸುದ್ದಿ ಕೇಳಿ ಊರಿಗೆ ಹೋಗಿದ್ದ ಮುಜಾಫರ್ ಆ ಟ್ಯೂಬನ್ನು ತಂದು ನಮ್ಮ ಆಸ್ಪತ್ರೆಯ ಲ್ಯಾಬಿಗೆ ಕೊಟ್ಟ. ದೇಶನೂರಿನ ಬೀಗರ ಮನೆಯಿಂದ ವಾಪಸು ಬರುತ್ತಿದ್ದ ಗಾದಿಲಿಂಗಪ್ಪ ಅವನನ್ನು ಸಿರುಗುಪ್ಪದ ಬಸ್ ಸ್ಟ್ಯಾಂಡಿನಿಂದ ತಮ್ಮ ಕಾರಿನಲ್ಲೇ ಕರೆತಂದಿದ್ದರು.

ಟ್ಯೂಬಿನ ಹಿಂದೆಯೇ ಅಪ್ಪನೂ ಬಂದರು. ಅವರಿಗೆ ಇದ್ದಕ್ಕಿದ್ದಂತೆ ಎದೆ ಡವಡವ ಅನ್ನತೊಡಗಿದ್ದರಿಂದ, ಕರೂರಿನಿಂದ ನೋಡಲು ಬಂದಿದ್ದ ಸೋದರಮಾವ ಖಲಂದರ್ ಜೀಪು ಮಾಡಿಸಿಕೊಂಡು ಕರೆತಂದಿದ್ದರು. ಅಮ್ಮ ಮಷೀನು ಬಂದ್ ಮಾಡಿ, ಶೆಡ್ಡಿಗೆ ಬೀಗ ಹಾಕಿ, ಹಿಂದಿನಿಂದ ಬಸ್ಸಿಗೆ ಬರುತ್ತಾಳೆ ಅಂದರು ಮಾವ. ಸ್ಟ್ರೆಚರ್ ಮೇಲೆ ಮಲಗಿದ್ದ ಅಪ್ಪ ನನ್ನ ಯೂನಿಫಾರ್ಮು ನೋಡಿ, ‘ಡ್ಯೂಟಿ ಮ್ಯಾಲೆ ಅದೀಯಲ್ಲವ್ವ, ಚಲೋ ಆತು’ ಅಂದರು. ತುಟಿ ಒಣಗಿತ್ತು. ಕೈ ಹಿಡಿದರೆ ಹಿಡಿತವೇ ಇರಲಿಲ್ಲ. ‘ಸುಮ್ನ ಮಲಕೋರಿ’ ಅಂತ ಅವರನ್ನೇ ಗದರಿಸಿದೆ.

ನಮ್ಮ ಐಸಿಯುನ ಮೂಲೆಯಲ್ಲಿ ಒಂದು ಸಣ್ಣ ಯಂತ್ರವಿತ್ತು. ನಾವು ಅದನ್ನು ಗ್ಯಾಸ್ ಮಷೀನ್ ಅನ್ನುತ್ತಿದ್ದೆವು; ಹಳ್ಳಿಯಿಂದ ಬಂದವರು ಅಡುಗೆಯ ಗ್ಯಾಸೆಂದು ತಿಳಿದು ದೂರ ನಿಲ್ಲುತ್ತಿದ್ದರು. ಸಿರಿಂಜಿನಲ್ಲಿ ರಕ್ತ ಎಳೆದು ಹಾಗೇ ಅದರ ಬಾಯಿಗೆ ಕೊಟ್ಟರೆ ಸಾಕು, ಚಹಾ ಕುಡಿದು ಮುಗಿಸುವಷ್ಟರಲ್ಲಿ ರಕ್ತದ ಆಮ್ಲಜನಕ, ಸೋಡಿಯಂ, ಪೊಟ್ಯಾಷಿಯಂ ಎಂಬ ಉಪ್ಪುಗಳು ಎಲ್ಲವನ್ನೂ ಒಂದು ಚೀಟಿಯಲ್ಲಿ ಹೊರಗೆ ಬಿಡುತ್ತಿತ್ತು. ಕೆಳಗಿನ ಲ್ಯಾಬಿನ ದಾರಿ ಬೇರೆ. ಅಲ್ಲಿ ರಕ್ತ ಹೆಪ್ಪುಗಟ್ಟಬೇಕು, ಮಷೀನಿನಲ್ಲಿ ಗಿರಗಿರ ತಿರುಗಬೇಕು, ಕಣಗಳೆಲ್ಲ ತಳಕ್ಕೆ ಕೂತು ಮೇಲೆ ನಿಲ್ಲುವ ತಿಳಿನೀರು, ಅಂದರೆ ಸೀರಂ, ದೊಡ್ಡ ಯಂತ್ರಕ್ಕೆ ಹೋಗಬೇಕು. ತಡವಾಗುತ್ತದೆ. ಆದರೂ ಡಾಕ್ಟರುಗಳಿಗೆ ಲ್ಯಾಬಿನ ಮೇಲೇ ನಂಬಿಕೆ. ಗ್ಯಾಸ್ ಮಷೀನಿನ ಹೆಸರು ಕೆಟ್ಟಿದ್ದಕ್ಕೆ ಕಾರಣವೂ ಇತ್ತು. ರಕ್ತ ಗಟ್ಟಿಯಾಗದಿರಲು ಸಿರಿಂಜಿಗೆ ಹೆಪಾರಿನ್ ಎಂಬ ದ್ರವ ಎಳೆದು ಚೆಲ್ಲಬೇಕು. ಪೂರ್ತಿ ಚೆಲ್ಲದೆ ಬಿಟ್ಟರೆ ರಕ್ತ ತೆಳುವಾಗಿ ಎಲ್ಲ ಅಂಕಿಗಳೂ ಇಳಿದುಬಿಡುತ್ತಿದ್ದವು. ಹೊಸದಾಗಿ ಸೇರಿದವರು ಎಷ್ಟೋ ಸಲ ಹಾಗೆ ಮಾಡಿ ಬೈಸಿಕೊಂಡಿದ್ದರು.

ಅಪ್ಪನ ರಕ್ತವನ್ನು ನಾನೇ ಎಳೆದೆ. ಗ್ಲೂಕೋಸ್ ಹಚ್ಚದ ಕೈಯಿಂದ ಎಳೆದೆ, ಹೆಪಾರಿನ್ ಹನಿ ಉಳಿಯದಂತೆ ಚೆಲ್ಲಿ ಎಳೆದೆ. ಚೀಟಿ ಬಂತು. ಪೊಟ್ಯಾಷಿಯಂ ಎರಡು ಪಾಯಿಂಟ್ ಏಳು. ಮೂರೂವರೆಯಿಂದ ಐದರ ನಡುವೆ ಇರಬೇಕಾದದ್ದು. ವಾಂತಿ, ಭೇದಿ, ಆ ಮಾತ್ರೆ, ಎಲ್ಲ ಸೇರಿ ಮೈಯಲ್ಲಿದ್ದುದನ್ನು ತೊಳೆದುಕೊಂಡು ಹೋಗಿದೆ ಅಂದುಕೊಂಡೆ. ಪೊಟ್ಯಾಷಿಯಂ ಹನಿಹನಿಯಾಗಿ ಏರಿಸಬೇಕು ಅಂತ ಬಾಟಲಿ ಹುಡುಕುವಷ್ಟರಲ್ಲಿ ಕೆಳಗಿನಿಂದ ಲ್ಯಾಬಿನ ವರದಿ ಬಂತು. ಮುಜಾಫರ್ ತಂದುಕೊಟ್ಟ ಟ್ಯೂಬಿನದು. ಅದರಲ್ಲಿ ಆರು ಪಾಯಿಂಟ್ ಎರಡು.

ಇದು ಎಂಥ ಇಕ್ಕಟ್ಟು ಅಂತ ನಮ್ಮ ಕೆಲಸದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಪೊಟ್ಯಾಷಿಯಂ ಬಹಳ ಏರಿದರೂ ಹೃದಯ ನಿಲ್ಲುತ್ತದೆ, ಬಹಳ ಇಳಿದರೂ ನಿಲ್ಲುತ್ತದೆ. ಎರಡಕ್ಕೂ ಕಾಲು ಸೋಲುತ್ತದೆ, ಎರಡಕ್ಕೂ ನಾಡಿ ತಪ್ಪುತ್ತದೆ. ಏರಿದ್ದರೆ ಇನ್ಸುಲಿನ್ ಕೊಟ್ಟು ಇಳಿಸಬೇಕು. ಇಳಿದವರಿಗೆ ಆ ಇನ್ಸುಲಿನ್ನೇ ವಿಷ. ಒಬ್ಬ ಮನುಷ್ಯ, ಒಂದು ರಕ್ತ, ಎರಡು ಅಂಕಿ. ಒಂದನ್ನು ನಂಬಿ ಮಾಡುವ ಔಷಧ ಇನ್ನೊಂದು ನಿಜವಾಗಿದ್ದರೆ ಕೊಲ್ಲುತ್ತದೆ.

ಡ್ಯೂಟಿಯಲ್ಲಿದ್ದವರು ಡಾಕ್ಟರ್ ಓಬಳೇಶ. ಅವಸರದ ಮನುಷ್ಯರಲ್ಲ, ಕೆಟ್ಟವರಂತೂ ಅಲ್ಲ. ಇಸಿಜಿ ನೋಡಿದರು. ಅಪ್ಪನ ಇಸಿಜಿ ಹಳೆಯ ಹಾರ್ಟ್ ಅಟ್ಯಾಕಿನಿಂದ ಮೊದಲೇ ಡೊಂಕು; ಅದರಲ್ಲಿ ಈ ಕಡೆಗೂ ಅರ್ಥ ಹಚ್ಚಬಹುದಿತ್ತು, ಆ ಕಡೆಗೂ ಹಚ್ಚಬಹುದಿತ್ತು. ‘ಹೆಪಾರಿನ್ ಪೂರ್ತಿ ಚೆಲ್ಲಿದ್ದಿಯೇನಮ್ಮ?’ ಅಂತ ನನ್ನನ್ನು ಕೇಳಿದರು. ಚೆಲ್ಲಿದ್ದೇನೆ ಸರ್ ಅಂದೆ. ಗ್ಯಾಸ್ ಮಷೀನಿನಲ್ಲಿ ಇನ್ನೊಮ್ಮೆ ನೋಡೋಣವೆಂದರೆ ಪರೀಕ್ಷೆಗೆ ಅದರೊಳಗೆ ಹಾಕುವ ಕಾರ್ಟ್ರಿಜ್ ನನ್ನ ಅಪ್ಪನ ರಕ್ತಕ್ಕೇ ಮುಗಿದಿತ್ತು. ಹೊಸದು ಬೆಂಗಳೂರಿನಿಂದ ಬರಬೇಕು. ಹೊಸ ರಕ್ತ ತೆಗೆದು ಲ್ಯಾಬಿಗೆ ಓಡಿಸಿದೆವು.

ಲ್ಯಾಬಿನ ಡಾಕ್ಟರ್ ಪಂಪಾವತಿ ತಾವೇ ಮೇಲೆ ಬಂದರು. ಕೈಯಲ್ಲಿ ಮುಜಾಫರ್ ತಂದ ಟ್ಯೂಬು. ಬೆಳಕಿಗೆ ಹಿಡಿದು ಓಬಳೇಶ ಸರ್‌ಗೆ ತೋರಿಸಿದರು.

‘ನೋಡ್ರಿ, ಸೀರಂ ತಿಳಿಯಾಗೈತಿ. ಕಣ ಒಡೆದು ಅಂಕಿ ಸುಳ್ಳ ಏರಿದ್ರ ಕೆಂಪಾಗಬೇಕಿತ್ತು. ಕಿಡ್ನಿ ಅಂಕಿನೂ ಸ್ವಲ್ಪ ಮ್ಯಾಲ ಐತಿ, ಅಂದ್ರ ಪೊಟ್ಯಾಷಿಯಂ ಖರೇನ ಏರಿರಬಹುದು. ಒಂದ ಅನುಮಾನ ಉಳೀತು ನನಗ. ಇದನ್ನ ತಂದವರು ಯಾರು?’

ನಾನು ಬಾಗಿಲು ತೆರೆದು ತಮ್ಮನನ್ನು ಕರೆದೆ. ವರಾಂಡದಲ್ಲಿ ಗಾದಿಲಿಂಗಪ್ಪನ ಪಕ್ಕ ನಿಂತಿದ್ದ. ಇಬ್ಬರೂ ಬಾಗಿಲಿಗೆ ಬಂದರು.

‘ಈ ರಕ್ತ ಯಾವಾಗ ತೆಗೆದದ್ದಪ್ಪ? ಐಸಿನ್ಯಾಗ ಏನಾದ್ರೂ ಇಟ್ಟಿದ್ರೇನು?’ ಪಂಪಾವತಿ ಮೇಡಂ ಮೆತ್ತಗೇ ಕೇಳಿದರು. ‘ಸರಿಯಾಗಿ ನೆನಪು ಮಾಡಿಕೊಂಡು ಹೇಳು. ರಕ್ತದ ಕಣಕ್ಕ ಚಳಿ ಹತ್ತಿದ್ರ ಒಳಗಿನ ಪೊಟ್ಯಾಷಿಯಂ ಸೋರಿ ಹೊರಗ ಬರ್ತೈತಿ. ಕಣ ಒಡಿಯೂದಿಲ್ಲ, ಕಣ್ಣಿಗೆ ಕಾಣೂದಿಲ್ಲ, ಅಂಕಿ ಮಾತ್ರ ಏರ್ತೈತಿ.’

ಮುಜಾಫರ್ ಮೇಡಂ ಮುಖ ನೋಡಿದ. ಆಮೇಲೆ ಗಾದಿಲಿಂಗಪ್ಪನ ಮುಖ ನೋಡಿದ. ಅದನ್ನು ನಾನು ಕಣ್ಣಾರೆ ಕಂಡೆ.

‘ಇಲ್ರಿ ಮೇಡಂ. ಬೆಳಿಗ್ಗಿ ತೆಗೆದದ್ದು. ಸೀದಾ ಜೇಬಿನ್ಯಾಗ ಇಟ್ಕೊಂಡು ಬಂದೀನಿ, ಎಸಿ ಕಾರಿನ್ಯಾಗ.’

‘ನಮ್ಮ ಗಾಡಿಯೊಳಗ ಬಂದಾನ್ರಿ’ ಅಂತ ಗಾದಿಲಿಂಗಪ್ಪನೂ ತಲೆ ಹಾಕಿದರು. ಪಾಪ, ಅವರು ಕಂಡದ್ದು ಅಷ್ಟೇ.

ನಮ್ಮಲ್ಲಿ ಎಷ್ಟೋ ವಸ್ತುಗಳನ್ನು ಐಸಿನಲ್ಲಿಟ್ಟೇ ಲ್ಯಾಬಿಗೆ ಕಳಿಸುತ್ತೇವೆ. ಗ್ಯಾಸ್ ಮಷೀನ್ ಇಲ್ಲದ ಕಡೆ ಆ ಸಿರಿಂಜನ್ನೂ ಐಸಿನಲ್ಲಿಟ್ಟು ಕಳಿಸುವುದೇ ರೂಢಿ. ಚಳಿಯಿಂದ ಇಂಥ ಕೆಡುಕೂ ಆಗುತ್ತದೆ ಅನ್ನುವುದು ನನಗೆ ಹೊಸ ಮಾತು. ಸಿರುಗುಪ್ಪದ ಡಾಕ್ಟರಿಗೆ ಫೋನು ಮಾಡಿ ಕೇಳೋಣವೆಂದು ನೋಡಿದೆ, ಯಾರೂ ಎತ್ತಲಿಲ್ಲ. ಖಲಂದರ್ ಮಾಮನಿಗೆ ಏನೂ ಗೊತ್ತಿರಲಿಲ್ಲ, ಅವರು ಕರೂರಿನಿಂದ ಬಂದದ್ದೇ ಆ ಬೆಳಿಗ್ಗೆ. ಅಮ್ಮನ ಹತ್ತಿರ ಫೋನಿರಲಿಲ್ಲ, ಅಪ್ಪನಿಗೆ ಎಚ್ಚರ ಸರಿಯಾಗಿರಲಿಲ್ಲ.

ಅಷ್ಟರಲ್ಲಿ ಅಪ್ಪನ ನಾಡಿ ಮತ್ತೆ ತಪ್ಪತೊಡಗಿತು. ಮಾನಿಟರಿನ ಗೆರೆ ಎಡವಿದಂತೆ ಬೀಳುತ್ತಿತ್ತು. ಹೊಸ ರಕ್ತದ ವರದಿ ಬರಲು ಇನ್ನೂ ಹೊತ್ತಿತ್ತು. ಕೆಳಗೆ ಕರೆಂಟು ಹೋಗಿ, ತಿರುಗುತ್ತಿದ್ದ ಮಷೀನು ನಿಂತು, ಮತ್ತೆ ಮೊದಲಿನಿಂದ ಸುರು ಮಾಡಿದ್ದರು. ಓಬಳೇಶ ಸರ್ ಎರಡೂ ಚೀಟಿಗಳನ್ನು ಪಕ್ಕಪಕ್ಕ ಹಿಡಿದು ನೋಡಿದರು. ಆಮೇಲೆ ಲ್ಯಾಬಿನ ಅಂಕಿಯ ಕಡೆಗೇ ನಿಂತರು. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು, ಈ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

‘ನೀನು ಹೊರಗ ಇರಮ್ಮ ಇರ್ಫಾನಾ. ಹೊನ್ನೂರಮ್ಮ ನೋಡ್ಕೊಂತಾಳ’ ಅಂದರು. ಹೊನ್ನೂರಮ್ಮ ನನ್ನ ಜೊತೆಯ ನರ್ಸು, ನನ್ನಷ್ಟೇ ಹಳಬಳು. ಇನ್ಸುಲಿನ್ ಎಳೆಯುವಾಗ ಅವಳು ನನ್ನ ಕಡೆ ನೋಡಲಿಲ್ಲ.

ನಾನು ವರಾಂಡದಲ್ಲಿ ನಿಂತೆ. ಮುಜಾಫರ್ ಗೋಡೆಗೆ ಒರಗಿ ಫೋನು ತಿರುವುತ್ತಿದ್ದ. ಕಿಟಕಿಯ ಹೊರಗೆ ಬಳ್ಳಾರಿಯ ಕೆಂಪು ಧೂಳು, ಎಲೆಯ ಮೇಲೆ, ತಂತಿಯ ಮೇಲೆ. ಅಮ್ಮ ಯಾಕಿನ್ನೂ ಬರಲಿಲ್ಲ ಅಂತ ಕೇಳಿದೆ. ಕುರುಗೋಡಿನ ಹತ್ತಿರ ಅದಿರಿನ ಲಾರಿಯೊಂದು ರಸ್ತೆಗೆ ಅಡ್ಡ ಬಿದ್ದು ಎರಡೂ ಕಡೆ ಜಾಮ್ ಆಗಿದೆ, ಬಸ್ಸುಗಳೆಲ್ಲ ಅಲ್ಲೇ ನಿಂತಿವೆಯಂತೆ, ಲಾರಿ ಆಫೀಸಿನವರು ಫೋನಿನಲ್ಲಿ ಹೇಳಿದರು ಅಂದ. ನಮ್ಮ ಲಾರಿ ಅಲ್ಲಕ್ಕ, ಬೇರೆಯವರದು ಅಂತ ಸೇರಿಸಿದ. ಯಾರದ್ದಾದರೆ ನನಗೇನು ಅಂತ ಬಯ್ಯಲು ಬಾಯಿ ತೆರೆದೆ, ಆ ಹೊತ್ತಿಗೇ ಅಮ್ಮ ಮೆಟ್ಟಿಲು ಹತ್ತಿ ಬಂದಳು. ಜಾಮ್ ಆದ ಕಡೆ ಬಸ್ಸು ಇಳಿದು, ಲಾರಿಗಳ ಸಂದಿಯಲ್ಲಿ ನಡೆದು, ಆಚೆ ಕಡೆ ಯಾರದೋ ಟೆಂಪೋ ಹತ್ತಿ ಬಂದಿದ್ದಳು. ಬುರ್ಖಾದ ಅಂಚೆಲ್ಲ ಕೆಂಪಾಗಿತ್ತು.

‘ಹೆಂಗದಾರ?’ ಅಂದಳು. ಒಳಗೆ ನೋಡ್ಕೊಂತಿದ್ದಾರಮ್ಮ ಅಂದೆ. ಅವಳು ಬೆಂಚಿನ ಮೇಲೆ ಕೂತು ಉಸಿರು ತೆಗೆದುಕೊಂಡಳು. ಒಂದು ಕೆಲಸವಾದರೂ ಸರಿಯಾಗಿ ಮಾಡಿ ಬಂದವಳ ಹಾಗೆ ನನ್ನ ಕೈ ಹಿಡಿದು ಕೇಳಿದಳು.

‘ರಕ್ತ ಕೆಟ್ಟಿರಲಿಲ್ಲ ಹೌದಿಲ್ಲೋ? ಸಂಜಿಗೆ ತೆಗೆದ್ರು ನೋಡು, ಕಡೀ ಬಸ್ಸು ಹೋಗಿಬಿಟ್ಟಿತ್ತು. ಆ ಸೆಕಿಯೊಳಗ ರಾತ್ರಿಯೆಲ್ಲಾ ಇಟ್ರ ಹಾಲಿನಂಗ ಒಡದು ಹೋಗ್ತೈತಂತ ನಾನ ಕ್ಯಾಂಡಿ ಡಬ್ಬಿಯೊಳಗ ಐಸಿನ ನಡುವ ಹುಗದು ಇಟ್ಟಿದ್ದೆ. ಬೆಳಿಗ್ಗಿ ತಗದಾಗ ಚೂರೂ ಕೆಟ್ಟಿರಲಿಲ್ಲ. ಇವನೇ ಟ್ಯೂಬು ಒರಿಸಿಕೊಂಡು ಒಯ್ದ.’

ನಾನು ತಮ್ಮನ ಕಡೆ ತಿರುಗಿದೆ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಬಾಗಿಲು ನೂಕಿ ಒಳಗೆ ಓಡಿ, ‘ಸರ್, ನಿಲ್ಲಿಸ್ರಿ, ಆ ಟ್ಯೂಬು ರಾತ್ರಿಯೆಲ್ಲ ಐಸಿನಲ್ಲಿತ್ತು’ ಅಂದೆ. ಓಬಳೇಶ ಸರ್ ತಾವೇ ಇನ್ಸುಲಿನ್ ಹೋಗುತ್ತಿದ್ದ ನಳಿಕೆ ಕಿತ್ತರು. ಪೊಟ್ಯಾಷಿಯಂ ಹಚ್ಚಿದರು. ಹಚ್ಚುತ್ತಿದ್ದ ಹಾಗೇ ಕೆಳಗಿನಿಂದ ಪಂಪಾವತಿ ಮೇಡಂ ಫೋನು ಮಾಡಿದರು. ಹೊಸ ರಕ್ತದಲ್ಲಿ ಎರಡೂವರೆ. ಮೂಲೆಯ ಮಷೀನು ಹೇಳಿದ್ದು ನಿಜವಾಗಿತ್ತು, ಆ ರಕ್ತ ತೆಗೆದ ಮೇಲೆ ಇನ್ಸುಲಿನ್ ಕೊಟ್ಟು ನಾವು ಆ ಅಂಕಿಯನ್ನು ಇನ್ನೂ ಕೆಳಗೆ ಇಳಿಸಿದ್ದೆವು.

ಪೊಟ್ಯಾಷಿಯಂ ಒಮ್ಮೆಲೇ ಸುರಿಯಲು ಬರುವುದಿಲ್ಲ, ಹನಿಹನಿಯಾಗಿಯೇ ಹೋಗಬೇಕು. ಅಪ್ಪನ ಹೃದಯ ಅಷ್ಟು ಕಾಯಲಿಲ್ಲ. ಓಬಳೇಶ ಸರ್ ಶಾಕ್ ಕೊಟ್ಟರು, ಎದೆ ಒತ್ತಿದರು, ಅವರ ಕೈ ಸೋತಾಗ ಹೊನ್ನೂರಮ್ಮ ಒತ್ತಿದಳು, ಆಮೇಲೆ ನಾನು ಒತ್ತಿದೆ. ಎಷ್ಟೋ ಜನರ ಎದೆ ಒತ್ತಿದ ಕೈ ಇದು, ಅವತ್ತು ಯಾರದೋ ಕೈಯಂತೆ ಇತ್ತು. ಇಳಿಹೊತ್ತಿನ ಅಸರ್ ಅಜಾನ್ ಕೂಗುವ ಹೊತ್ತಿಗೆ ಸರ್ ನನ್ನ ಭುಜ ಹಿಡಿದು ನಿಲ್ಲಿಸಿದರು. ‘ಸಾಕಮ್ಮ’ ಅಂದರು. ಆಮೇಲೆ ಅವರು ಹೊರಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದರು, ಔಷಧ ಕೊಟ್ಟದ್ದನ್ನೂ ಹೇಳಿದರು, ಮೊದಲು ಬಂದ ಅಂಕಿ ಸರಿಯಾಗಿರಲಿಲ್ಲ ಅನ್ನುವುದನ್ನೂ ಹೇಳಿದರು. ಅಮ್ಮನ ಕಿವಿಗೆ ಅದೆಷ್ಟು ಬಿತ್ತೋ ನನಗೆ ಗೊತ್ತಿಲ್ಲ.

ಸಿರುಗುಪ್ಪಕ್ಕೆ ಆಂಬುಲೆನ್ಸಿನಲ್ಲಿ ಹೋಗುವಾಗ ಕುರುಗೋಡಿನಲ್ಲಿ ಮತ್ತೆ ನಿಂತೆವು. ಲಾರಿಗಳ ಸಾಲು ಕಣ್ಣು ಮುಟ್ಟುವವರೆಗೂ ಇತ್ತು. ಅಪ್ಪ ನಮ್ಮ ನಡುವೆ ಬಿಳಿ ಬಟ್ಟೆಯಲ್ಲಿ. ಮುಜಾಫರ್ ಕೆಳಗಿಳಿದು, ‘ಮಯ್ಯತ್ ಐತ್ರಿ, ದಾರಿ ಬಿಡ್ರಿ’ ಅಂತ ಒಂದೊಂದೇ ಲಾರಿಯ ಡ್ರೈವರಿಗೆ ಕೈ ಮುಗಿಯುತ್ತ ಹೋದ. ಅವನ ಬಿಳಿ ಅಂಗಿ ಪೂರ್ತಿ ಕೆಂಪಾಯಿತು. ನನಗೆ ಕರುಣೆ ಬರಲಿಲ್ಲ. ಅವನಿಗೆ ಏನೇನು ಅನ್ನಬೇಕು ಅನ್ನುವುದನ್ನು ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದೆ. ಇದ್ದದ್ದು ಒಂದೇ ಮಾತು, ಐಸು ಅನ್ನುವ ಒಂದು ಮಾತು, ಅದನ್ನು ಅಂದಿದ್ದರೆ ಅಪ್ಪ ಉಳಿಯುತ್ತಿದ್ದರು. ಊರವರೆದುರು ಅಂದು ತೋರಿಸುತ್ತೇನೆ, ಇವನ ಕೋಲ್ಡ್ ಸ್ಟೋರೇಜ್ ಎಲ್ಲಿದೆ ಅಂತ ಇವನ ಸಾಹುಕಾರನನ್ನೇ ಕರೆದು ಶೆಡ್ಡು ತೋರಿಸುತ್ತೇನೆ ಅಂದುಕೊಂಡೆ.

ದಫನ್, ಅಂದರೆ ಮಣ್ಣು ಕೊಡುವುದು, ಮರುದಿನ ಬೆಳಿಗ್ಗೆ. ಅಪ್ಪನಿಗೆ ಸ್ನಾನ ಮಾಡಿಸಿ ಕಫನ್ ಬಟ್ಟೆ ಹೊದಿಸಿ ನಡುಮನೆಯಲ್ಲಿ ಮಲಗಿಸಿದ್ದರು. ಗಂಡಸರು ಹೊರಗೆ ಓಣಿಯಲ್ಲಿ ಕೂತಿದ್ದರು. ಕೊನೆಯದಾಗಿ ಮುಖ ನೋಡುವ ಹೆಂಗಸರು ನೋಡಿ ಹಿತ್ತಲಿಗೆ ಸರಿದಿದ್ದರು. ಒಳಗೆ ನಾವು ಮೂವರೇ ಉಳಿದೆವು. ಶೆಡ್ಡಿನ ಮಷೀನು ಬಂದಾಗಿತ್ತು; ಹುಟ್ಟಿದಾಗಿನಿಂದ ಆ ಸದ್ದು ಕೇಳಿದ್ದ ನನಗೆ ಆ ಮನೆ ನಮ್ಮದೇ ಅನ್ನಿಸಲಿಲ್ಲ.

ಅಮ್ಮ ಅಪ್ಪನ ತಲೆಯ ಬಳಿ ಕೂತಿದ್ದಳು. ಇಡೀ ರಾತ್ರಿ ಅತ್ತಿರಲಿಲ್ಲ. ನನ್ನನ್ನು ಹತ್ತಿರ ಕರೆದಳು.

‘ಇರ್ಫಾನಾ, ನೀ ಓದಿದಾಕಿ. ನನಗ ಖರೇ ಹೇಳಬೇಕು. ನಾನು ಐಸಿನ್ಯಾಗ ಇಟ್ಟಿದ್ದಕ್ಕ ಹಿಂಗಾತೇನು? ನಾನ ಕೊಂದೆನೇನು ಇವರನ್ನ?’

ಜೋಡಿಸಿಕೊಂಡ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ತಮ್ಮನ ಕಡೆ ನೋಡಿದೆ. ಅದೇ ಕೆಂಪಾದ ಅಂಗಿಯಲ್ಲಿ ಬಾಗಿಲ ಹತ್ತಿರ ನಿಂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನು ಬಂದು ಅಮ್ಮನ ಮುಂದೆ ಕುಸಿದು ಕೂತ. ಅವಳ ಕಾಲು ಹಿಡಿದುಕೊಂಡ.

‘ನೀ ಅಲ್ಲಮ್ಮ. ಡಾಕ್ಟರಮ್ಮ ನನ್ನ ಕೇಳಿದ್ಲು. ಐಸಿನ್ಯಾಗ ಇಟ್ಟಿದ್ರೇನಂತ ಬಾಯಿಬಿಟ್ಟು ಕೇಳಿದ್ಲು. ನಾನು ಇಲ್ಲಂದೆ.’

‘ಯಾಕೋ?’

ಅವನ ದನಿ ಒಮ್ಮೆಲೇ ಜೋರಾಗಿ ಹೊರಟಿತು, ಓಣಿಯವರೆಗೂ ಕೇಳುವ ಹಾಗೆ.

‘ಸಾಹುಕಾರ್ರು ಪಕ್ಕದಾಗ ನಿಂತಿದ್ರಮ್ಮ. ಕ್ಯಾಂಡಿ ಡಬ್ಬಿ ಅನ್ನಾಕ ನನಗ ನಾಚಿಕಿ ಆತು. ನಮ್ಮಪ್ಪ ಕ್ಯಾಂಡಿ ಮಾಡ್ತಾನಂತ ಹೇಳಾಕ ನನಗ...’

ಅಮ್ಮ ತಟ್ಟನೆ ಮುಂದಕ್ಕೆ ಬಾಗಿ ಅವನ ಬಾಯಿಯ ಮೇಲೆ ಕೈ ಇಟ್ಟಳು. ಇನ್ನೊಂದು ಕೈಯಿಂದ ಅಪ್ಪನ ಕಿವಿಯ ಹತ್ತಿರ ಕಫನ್ ಎಳೆದು ಸರಿಪಡಿಸಿದಳು.

‘ಮೆಲ್ಲಗ ಮಾತಾಡು’ ಅಂದಳು. ‘ನಿಮ್ಮಪ್ಪಗ ಕೇಳಸ್ತೈತಿ.’